ಕವಲುದಾರಿಯ ಹೊರೆಗಲ್ಲು

ಮೊನ್ನೆ ಸೊಸೆ ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಸಿಂಬೆ ಮಾಡಿ, ಮಡಕೆ ಉರುಳದಂತೆ ಅದರ ಕೆಳಗಿಟ್ಟಳು. ಅದನ್ನು ನೋಡಿದ್ದೇ ತಡ, ನನ್ನ ನೆತ್ತಿಯಲ್ಲಿ ಹಳೆಯ ನೋವು ಎದ್ದಂತಾಯಿತು. ನೋವಿನ ಹಿಂದೆಯೇ ಪಕ್ಕದ ಮನೆಯ ಅತ್ತೆ ನೆನಪಾದರು... ಅವರ ಹಿಂದೆಯೇ ಸಿಟ್ಟೂ ಬಂತು.

ಅವರು ನನ್ನ ಸ್ವಂತ ಅತ್ತೆಯಲ್ಲ. ನಾನು ಮದುವೆಯಾಗಿ ಆ ಊರಿಗೆ ಹೋದಾಗ ಗೋಡೆಯಾಚೆ ಒಬ್ಬರೇ ಇದ್ದರು. ಮಹಾರಾಜರ ಕಾಲ ಅದು. ಸಂತೆಗೆ ಅಜ್ಜಂಪುರದವರೆಗೆ ನಡೆದೇ ಹೋಗಬೇಕಿತ್ತು. ಮೆಣಸಿನಕಾಯಿ, ಅವರೆಕಾಯಿ, ಏನಿದ್ದರೂ ಸಿಂಬೆಯಿಟ್ಟು ತಲೆಯ ಮೇಲೆ. ಕೆರೆ ಏರಿ ದಾಟಿ, ಎರೆಹೊಲಗಳ ನಡುವಿನ ಗಾಡಿಜಾಡಿನಲ್ಲಿ ನಡೆದು ಕವಲುದಾರಿಗೆ ಬಂದರೆ ದೂರದಲ್ಲಿ ರೈಲ್ವೆ ಸ್ಟೇಷನ್ನಿನ ಹೆಂಚು ಕಾಣುತ್ತಿತ್ತು. ಆ ಕವಲಿನಲ್ಲೇ ಅತ್ತೆಯ ಹೊರೆಗಲ್ಲು ಇತ್ತು: ಎರಡು ಕಂಬ, ಮೇಲೊಂದು ಚಪ್ಪಡಿ, ಹೆಗಲೆತ್ತರ.

ಹೊರೆ ಹೊತ್ತು ಗೊತ್ತಿಲ್ಲದವರಿಗೆ ಅದರ ಬೆಲೆ ತಿಳಿಯದು. ತುಂಬಿದ ಕುಕ್ಕೆಯನ್ನು ಇನ್ನೊಬ್ಬರ ಕೈಯಿಲ್ಲದೆ ಇಳಿಸುವುದು ಕಷ್ಟ. ಇಳಿಸಿದರೂ ಮತ್ತೆ ಎತ್ತುವವರಾರು? ಒಂಟಿ ಹೆಂಗಸು ಕತ್ತು ಬಿದ್ದುಹೋದರೂ ನಡೆಯುತ್ತಲೇ ಇರಬೇಕು. ಹೊರೆಗಲ್ಲಿದ್ದರೆ ಕುಕ್ಕೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಹೊರಡಬಹುದು.

ಅತ್ತೆಯ ಒಬ್ಬಳೇ ಮಗಳು ದಿನ ತುಂಬಿ, ಹೆರಲಾರದೆ ತೀರಿಕೊಂಡಿದ್ದಳು. ಹೊಟ್ಟೆಯ ಭಾರ ಇಳಿಸದೆ ಹೋದವಳ ಹೆಸರಿನಲ್ಲಿ ದಾರಿಯ ಬದಿ ಹೊರೆಗಲ್ಲು ನಿಲ್ಲಿಸುವುದು ನಮ್ಮ ಕಡೆಯ ವಾಡಿಕೆ. ಅಲ್ಲಿ ಯಾರು ಹೊರೆ ಇಳಿಸಿದರೂ ಅವಳ ಭಾರ ಅಷ್ಟಷ್ಟು ಇಳಿಯುತ್ತದೆ ಎಂಬ ನಂಬಿಕೆ. ಅತ್ತೆ ಕಿವಿಯ ಓಲೆ ಮಾರಿ ಆ ಕಲ್ಲು ನಿಲ್ಲಿಸಿದ್ದರು. ಯಾರಾದರೂ ಕುಕ್ಕೆ ಇಳಿಸಿ ಉಸ್ಸಪ್ಪಾ ಎಂದರೆ ಅವರ ಮುಖ ಗೆಲುವಾಗುತ್ತಿತ್ತು.

ಒಂದು ವರ್ಷ ತರೀಕೆರೆಯಿಂದ ಅಮಲ್ದಾರರು ಬರುತ್ತಾರೆಂದು ದಾರಿ ಸರಿಮಾಡುವ ಕೆಲಸ ಪೇಟೆಯ ಹತ್ತಿ ಸಾಹುಕಾರನಿಗೆ ಸಿಕ್ಕಿತು. ಅವನನ್ನು ‘ಅವರು’ ಎನ್ನಲು ನನಗೆ ಇಂದಿಗೂ ಮನಸ್ಸಿಲ್ಲ. ಮುಂದಿನ ಸಂತೆಗೆ ನಾವು ಹೋದಾಗ ಕವಲಿನಲ್ಲಿ ಕಂಬಗಳೆರಡೇ ನಿಂತಿದ್ದವು. ಅತ್ತೆ ರೈಲ್ವೆ ಗೇಟು ದಾಟಿ, ಎಣ್ಣೆ ಅಂಗಡಿ, ಬಟ್ಟೆ ಅಂಗಡಿ, ಮಂಡಿಗಳ ಸಾಲು... ಒಂದೊಂದು ಬಾಗಿಲನ್ನೂ ನೋಡುತ್ತಾ ನಡೆದರು. ಸಾಹುಕಾರನ ಹೊಸ ಮಂಡಿಯ ಮುಂದೆ ಚಪ್ಪಡಿ ಮೆಟ್ಟಿಲಾಗಿ ಬಿದ್ದಿತ್ತು. ಅಮಾವಾಸ್ಯೆಗೆ ಅತ್ತೆ ಬಳಿದಿದ್ದ ಅರಿಸಿನ ಅಂಚಿನಲ್ಲಿ ಇನ್ನೂ ಹಾಗೇ ಇತ್ತು. ಜನ ಕೆರ ಮೆಟ್ಟಿಕೊಂಡೇ ಅದನ್ನು ತುಳಿದು ಹತ್ತುತ್ತಿದ್ದರು!

ಅತ್ತೆ ನನ್ನ ನೆರವಿನಿಂದ ತಮ್ಮ ಕುಕ್ಕೆಯನ್ನು ಅದರ ಮೇಲೆ ಇಳಿಸಿದರು.

ಸಾಹುಕಾರ ಒಳಗಿನಿಂದ ಕೂಗಿದ. “ಏನಮ್ಮಾ, ವ್ಯಾಪಾರದ ಹೊತ್ನಲ್ಲಿ ಬಾಗ್ಲಿಗಡ್ಡ? ತೆಗಿ ಅತ್ಲಾಗೆ.”

“ಇದು ಹೊರೆಗಲ್ಲು ಕಣ್ರೀ ಸಾವ್ಕಾರ್ರೆ. ನೀವ್ ಕಲ್ಲು ಇಲ್ಲಿಗ್ ತಂದ್ರಿ, ನಾವು ಹೊರೆ ಇಲ್ಲಿಗ್ ತಂದ್ವಿ.”

“ಸರ್ಕಾರದ ದಾರೀಲಿದ್ ಕಲ್ಲು ಸರ್ಕಾರದ್ದು.”

“ಹಂಗಾರೆ ನಿಮ್ ಬಾಗ್ಲಿಗ್ ಯಾಕ್ ಬಂತು?”

ನಾನೂ ನನ್ನ ಕುಕ್ಕೆ ಇಳಿಸಿದೆ. ಹಿಂದೆ ಬರುತ್ತಿದ್ದ ಹೆಂಗಸರು ವಿಷಯ ತಿಳಿದು ತಮ್ಮವನ್ನೂ ಅಲ್ಲೇ ಪೇರಿಸಿದರು. ಮಂಡಿಗೆ ಕಾಲಿಡಲು ಜಾಗವಿಲ್ಲದಂತಾಯಿತು. ಸಂತೆ ಸಂತೆಗೂ ಹೀಗೇ ನಡೆಯಿತು.

ನಮ್ಮೂರ ಗಂಡಸರ ಮಾತೆತ್ತಿದರೆ ಮೈ ಉರಿಯುತ್ತದೆ. ಹತ್ತಿ ಕೊಳ್ಳುವವನು ಸಾಹುಕಾರ ಎಂದು ಎಲ್ಲರ ಮೀಸೆಯೂ ಕೆಳಗಾಯಿತು. “ಒಂದ್ ಕಲ್ಲಿಗೆ ಇಷ್ಟ್ ರಂಪ ಯಾಕೆ? ಸುಮ್ನಿರೋಕ್ ಹೇಳೇ ಅವರ್ಗೆ” ಎಂದು ನನ್ನ ಯಜಮಾನರೇ ಅಂದರು. ಒಂದು ಕಲ್ಲಂತೆ! ತಮ್ಮ ಹೊಲದ ಬದುವಿನ ಕಲ್ಲು ಗೇಣು ಸರಿದಿದ್ದರೆ ಇವರೇ ದೊಣ್ಣೆ ಹಿಡಿದು ಹೊರಡುತ್ತಿದ್ದರು.

ಕೊನೆಗೆ ಸಾಹುಕಾರ ಕಲ್ಲು ವಾಪಸು ಕಳಿಸಿದ. ಗಾಡಿಯವನು ಕವಲಿನಲ್ಲಿ ಸುರಿದು ಹೋದದ್ದು ಚೂರುಗಳನ್ನು. ಕೀಳುವಾಗ ಒಡೆಯಿತು ಎಂದು ಹೇಳಿಕಳಿಸಿದ್ದ. ಸುಳ್ಳು. ಚೂರುಗಳ ಮೇಲೆ ಸುತ್ತಿಗೆಯ ಏಟು ಕಾಣುತ್ತಿತ್ತು. ಸೋತವನು ಗೆದ್ದವರಿಗೆ ಕೊಟ್ಟ ಮರ್ಯಾದೆ ಅದು. ಇನ್ನೊಂದು ಚಪ್ಪಡಿಗೆ ಅತ್ತೆಯ ಕಿವಿಯಲ್ಲಿ ಓಲೆ ಇರಲಿಲ್ಲ, ಊರವರ ಬಾಯಲ್ಲಿ ಮಾತಿರಲಿಲ್ಲ.

ಅಂದಿನಿಂದ ಅತ್ತೆ ಪೇಟೆಗೆ ಬರುವುದನ್ನೇ ಬಿಟ್ಟರು. ಸಂತೆಯ ದಿನ ಬೆಳಗ್ಗೆ ಹೋಗಿ ಆ ಕಂಬಗಳ ನಡುವೆ ನಿಲ್ಲುತ್ತಿದ್ದರು. ಬಂದವರ ಹೊರೆ ತಾವೇ ಇಳಿಸುವರು, ಸುಧಾರಿಸಿಕೊಂಡ ಮೇಲೆ ತಾವೇ ಎತ್ತಿ ಕೊಡುವರು. ಯಾವ ಜಾತಿ, ಯಾವ ಊರು, ಒಂದೂ ಕೇಳಿದವರಲ್ಲ. ಬಿಸಿಲಿಗೆ ಮುಖ ಸುಟ್ಟು ಕರಿಕಾಗಿತ್ತು...

ನಾನು ಬಸುರಿಯಾಗಿದ್ದಾಗ ನನ್ನ ಕುಕ್ಕೆಗೆ ದೂರದಿಂದಲೇ ಕೈ ಚಾಚಿ ಬಂದರು. “ಇಳಿಸೇ ಮಗ, ಇಳಿಸು. ಉಸ್ಸಪ್ಪಾ ಅನ್ನು. ಬಾಯ್ಬಿಟ್ಟು ಅನ್ನೇ, ಅವಳಿಗ್ ಕೇಳ್ಲಿ.” ನಾನು ಅಂದೆ. ಅವರು ನನ್ನ ಹೊಟ್ಟೆಯನ್ನೇ ನೋಡುತ್ತಾ ಕೇಳಿದರು: “ಅವಳ್ ಭಾರ ಇನ್ನೆಷ್ಟು ಉಳಿದಿರ್ಬೋದೇ?”

ಆ ಪ್ರಶ್ನೆಯನ್ನು ಸಾಹುಕಾರನ ಮುಂದೆ ಕೇಳಬೇಕಿತ್ತು ಎಂದು ಹಲ್ಲು ಕಚ್ಚಿಕೊಂಡೆ.

ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಕಂಬಗಳೂ ಉಳಿದಿಲ್ಲ. ಸಾಹುಕಾರನ ಹೆಸರು ಮಾತ್ರ ಅವನ ಮಕ್ಕಳು ಕಟ್ಟಿಸಿದ ಛತ್ರದ ಹಣೆಯ ಮೇಲೆ, ಧರ್ಮಿಷ್ಠ ಎಂಬ ಮಾತಿನ ಜೊತೆ ಕೂತಿದೆ. ಈಗ ಆ ದಾರಿಯಲ್ಲಿ ಬಸ್ಸು ಓಡಾಡುತ್ತದೆ. ಕವಲಿನಲ್ಲಿ ಒಂದು ಗಳಿಗೆ ನಿಲ್ಲಿಸಪ್ಪಾ ಎಂದರೆ ಕಂಡಕ್ಟರ್ ಹೊರಗೆ ಇಣುಕಿ, “ಅಲ್ಲೇನೈತಜ್ಜಿ?” ಎನ್ನುತ್ತಾನೆ.

ಏನೂ ಇಲ್ಲ ಕಣಪ್ಪಾ ಎನ್ನುತ್ತೇನೆ. ಹಾಗೆ ಹೇಳಬೇಕಾಗಿ ಬಂದಿದೆಯಲ್ಲ, ಅದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.