ಗೋಣಿತಾಟಿನ ಮೇಲೆ ಉಳಿದ ಪಿನ್ನು

ನಾವು ಬಿಚ್ಚಿ ಜೋಡಿಸಿದ ಸ್ಕೂಟರನ್ನೇ ಹತ್ತಿ ಮನೆಗೆ ಹೋಗುತ್ತಿದ್ದರು ನಮ್ಮ ಜವರಪ್ಪ ಮೇಷ್ಟ್ರು. ಅಂಥ ಇನ್ನೊಬ್ಬ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ಪಾಂಡವಪುರದ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಕ್ರಾಫ್ಟ್ ಮೇಷ್ಟ್ರು. ತೊಂಬತ್ತರ ದಶಕದ ಮೊದಲಲ್ಲಿ, ಬುಟ್ಟಿ ಹೆಣೆಸಿದ್ದು ಸಾಕೆಂದು ಶನಿವಾರದ ಎಂಜಿನ್ ಸಂಘ ಕಟ್ಟಿದರು. ಕಲಿಯಲು ಗಾಡಿ ಬೇಕಲ್ಲ? ತಮ್ಮದನ್ನೇ ಸೈಕಲ್ ಶೆಡ್ಡಿನಲ್ಲಿ ಮಲಗಿಸಿದರು.

"ಪುಸ್ತಕ ಓದುದ್ರೆ ತಲೆಗೋಯ್ತದೆ, ಕೈಗೆ ಬರಾಕಿಲ್ಲ ಕಣ್ರಪ್ಪ" ಎನ್ನುತ್ತಿದ್ದರು. ಬಿಚ್ಚಿದ್ದನ್ನೆಲ್ಲ ಗೋಣಿತಾಟಿನ ಮೇಲೆ ಸಾಲಾಗಿ ಇಡಬೇಕು. ಜೋಡಿಸಿದ ಮೇಲೆ ಅವರು ಗಾಡಿ ನೋಡುತ್ತಿರಲಿಲ್ಲ, ಗೋಣಿತಾಟು ನೋಡುತ್ತಿದ್ದರು. ಅದರ ಮೇಲೆ ಏನೂ ಉಳಿದಿಲ್ಲವೋ, ಕಿಕ್ ಹೊಡೆದು ತಮ್ಮೂರು ಕಿರಂಗೂರಿನ ದಾರಿ ಹಿಡಿದೇಬಿಡುವರು. ಮೊದಲ ಸಲ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಇದೇನು ಹುಚ್ಚಾಟ ಎಂದು ಹೆಡ್ಮೇಷ್ಟ್ರು ಗದರಿದರೆ, ಮಕ್ಕಳನ್ನು ನಂಬದ ಮೇಲೆ ಕಲಿಸುವುದಾದರೂ ಯಾಕೆ ಎಂದು ನಕ್ಕರಂತೆ.

ಸಂಘದಲ್ಲಿ ನಾನೊಬ್ಬಳೇ ಹುಡುಗಿ. ಹಿಂದಿನ ಚಕ್ರ ಒಬ್ಬಳೇ ಹಾಕುತ್ತೇನೆಂದು ಹುಡುಗರ ಮುಂದೆ ಜಂಭ ಕೊಚ್ಚಿದ್ದೆ. ಹಾಕಿದೆ ಕೂಡ. ಕೈ ಒರೆಸಿಕೊಂಡು ನೋಡುತ್ತೇನೆ, ಗೋಣಿತಾಟಿನ ಮೇಲೆ ಒಂದು ಪಿನ್ನು! ಚಕ್ರದ ನಟ್ಟು ಸಡಿಲಾಗದಂತೆ ತಡೆಯುವ ಪಿನ್ನು. ಹುಡುಗರು ನಗುತ್ತಾರಲ್ಲ ಎಂಬುದೊಂದೇ ನನ್ನ ಚಿಂತೆ. ಅಷ್ಟರಲ್ಲಿ ಮೇಷ್ಟ್ರು ಬಂದರು.

"ಏನಾರ ಉಳ್ಕಂತಾ ಮಗಾ?"

ಕಾಲಿಟ್ಟು ಮುಚ್ಚಿದೆ. ಇಲ್ಲ ಸಾ ಎಂದೆ. ಅವರು ಗೋಣಿತಾಟು ನೋಡಿ, ಗಾಡಿ ಹತ್ತಿ ಹೋದ ಮೇಲೆ ಪಿನ್ನನ್ನು ಜಾಮಿಟ್ರಿ ಡಬ್ಬಿಗೆ ಹಾಕಿಕೊಂಡೆ.

ಸೋಮವಾರ ಅದೇ ಗಾಡಿಯಲ್ಲಿ ಬಂದರು. ಮಂಗಳವಾರವೂ ಬಂದರು. ಸದ್ಯ ಬಚಾವಾದೆ ಅಂದುಕೊಂಡೆ. ಬುಧವಾರ ಪ್ರಾರ್ಥನೆಗೆ ನಿಂತಿದ್ದಾಗ ಸುದ್ದಿ ಬಂತು. ನಾಲೆ ಸೇತುವೆಯ ಹತ್ತಿರ ಹಿಂದಿನ ಚಕ್ರ ಕಳಚಿ ಮೇಷ್ಟ್ರು ಬಿದ್ದಿದ್ದಾರೆ, ಬಲಗೈ ಮುರಿದಿದೆ.

ಪಟ್ಟಿ ಕಟ್ಟಿಕೊಂಡು ಬಂದವರು ಹೆಡ್ಮೇಷ್ಟ್ರಿಗೆ ಹೇಳಿದ್ದು ಕೇಳಿ ದಂಗಾದೆ. "ಗೋಣಿತಾಟು ನೋಡ್ದೋನು ನಾನು. ಕಣ್ಣು ಮಂಜಾಗವೆ, ಪಿನ್ನು ಕಾಣ್ನಿಲ್ಲ. ಮಕ್ಳುದೇನೂ ಇಲ್ಲ, ತಪ್ಪು ನಂದೇ." ಸಂಘವನ್ನು ತಾವೇ ಮುಚ್ಚಿದರು. ಮತ್ತೆ ಬುಟ್ಟಿ ಹೆಣೆಸತೊಡಗಿದರು, ಎಡಗೈಯಲ್ಲಿ ತೋರಿಸಿಕೊಂಡು. ನಾನು ತುಟಿ ಬಿಚ್ಚಲಿಲ್ಲ. ಥೂ, ನನ್ನ ಜನ್ಮಕ್ಕೆ!

ಎಂಟು ವರ್ಷ ಕಳೆದು, ಮದುವೆಯಾಗಿ ನಾಗಮಂಗಲ ಸೇರಿದ ಮೇಲೆ, ತಡೆಯಲಾರದೆ ಒಂದು ದಿನ ಕಿರಂಗೂರಿಗೆ ಹೋದೆ. ನಿವೃತ್ತರಾಗಿ ಜಗಲಿಯಲ್ಲಿ ಕೂತಿದ್ದರು. ಬಲಗೈ ಬೆರಳು ಸೊಟ್ಟಗೇ ಉಳಿದಿತ್ತು. ಆ ಕೈಯಲ್ಲಿ ಪಿನ್ನು ಇಟ್ಟು ಎಲ್ಲ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

ಮೇಷ್ಟ್ರು ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ಒಳಗಿದ್ದ ಹೆಂಡತಿಯನ್ನು ಕೂಗಿದರು. "ಕೇಳುಸ್ತಾ ಕಣಮ್ಮಿ? ತಪ್ಪು ನಂದಲ್ವಂತೆ."

ಎಂಟು ವರ್ಷವೂ ತಪ್ಪು ತಮ್ಮದೇ ಎಂದು ನಿಜವಾಗಿ ನಂಬಿದ್ದರು. ಮುಂದಿನ ತಿಂಗಳೇ ಮೇಷ್ಟ್ರು ತೀರಿಕೊಂಡರು. ನನಗೆ ಒಂದು ಮಾತೂ ಬೈಯದೆ ಹೋಗಿಬಿಟ್ಟರು.