ಯಾಕೋ ಬಿಟ್ಟೆ

ಹಳೆಯ ಸೈಕಲ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು, ಬಣ್ಣಕ್ಕೆ ಮರುಳಾಗಬೇಡಿ, ಚೈನಿನ ಸದ್ದು ಕೇಳಿ. ಜರ್ಮನಿಯ ಈ ಎರ್ಲಾಂಗೆನ್ನಿನಲ್ಲಿ ಇಷ್ಟು ವರ್ಷ ಸೈಕಲ್ ವ್ಯಾಪಾರ ಮಾಡಿ ನಾನು ಸಂಪಾದಿಸಿದ ಆಸ್ತಿಯೆಂದರೆ ಈ ಕಿವಿಯೇ. ಹೋದ ಶನಿವಾರ ಒಂದು ಸೈಕಲ್ಲನ್ನು ಹೀಗೆ ಪರೀಕ್ಷಿಸುತ್ತ, ಯೂನಿವರ್ಸಿಟಿ ಹುಡುಗರು ಫುಟ್‌ಬಾಲ್ ಆಡುವ ಮೈದಾನದ ಪಕ್ಕ ತುಳಿದುಕೊಂಡು ಹೋಗುತ್ತಿದ್ದೆ. ಬೇಲಿಯಾಚೆಯಿಂದ ಜರ್ಮನ್ ಗಂಟಲುಗಳೆಲ್ಲ ಒಟ್ಟಿಗೆ ಕೂಗಿದವು: “ಯಾಕೋ, ಬಿಟ್ಟೆ!” ನನ್ನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು. ಅದು ನಮ್ಮಪ್ಪನ ಮಾತು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ನಾವಿದ್ದ ಕಟ್ಟಡವನ್ನೂ ಕೆಡವಿ, ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಮಾತು ಮಾತ್ರ ಮೈದಾನ ಬಿಟ್ಟು ಹೋಗಿಲ್ಲ.

ಆ ಮನೆಯ ಅಡುಗೆಮನೆ ಕಿಟಕಿ ನೇರವಾಗಿ ಗೋಲಿನ ಹಿಂದೆ ತೆರೆಯುತ್ತಿತ್ತು. ಒಳಗಿನ ಇಂಗಿನ ಒಗ್ಗರಣೆಯೂ ಹೊರಗಿನ ಒದ್ದೆ ಹುಲ್ಲೂ ಬೆರೆತ ಒಂದು ವಾಸನೆ ಅಲ್ಲಿ ಸದಾ ಇರುತ್ತಿತ್ತು. ನೀವು ಪರದೇಶದಲ್ಲಿ ಮನೆ ಹುಡುಕುವವರಾದರೆ ಮೈದಾನದ ಪಕ್ಕದ ಮನೆಯೆಂದು ಮೂಗು ಮುರಿಯಬೇಡಿ. ಗದ್ದಲದ ನೆಪ ಹೇಳಿ ಬಾಡಿಗೆ ಇಳಿಸಬಹುದು, ಜೊತೆಗೆ ಜನ ಪುಕ್ಕಟೆ ಸಿಗುತ್ತಾರೆ. ಮೈಸೂರಿನ ಕಾಲೇಜಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಅಪ್ಪ, ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸತರಲ್ಲಿ, ಸಂಜೆ ಕಾಫಿ ಹಿಡಿದು ಆ ಕಿಟಕಿಯಲ್ಲೇ ನಿಲ್ಲುತ್ತಿದ್ದರು. ಜರ್ಮನ್ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಒಂದು ದಿನ ಮುಂದಿನ ಸಾಲಿನ ಹುಡುಗನೊಬ್ಬ ಚೆಂಡು ತನಗೆ ಕೊಡಿರೆಂದು “ಬಿಟ್ಟೆ! ಬಿಟ್ಟೆ!” ಎಂದು ಕೂಗತೊಡಗಿದ. ಬಿಟ್ಟೆ ಎಂದರೆ ಇಲ್ಲಿನವರಿಗೆ ‘ದಯವಿಟ್ಟು’; ಥ್ಯಾಂಕ್ಸ್ ಹೇಳಿದವರಿಗೆ ಮರುಮಾತೂ ಅದೇ. ಅಪ್ಪನಿಗೆ ಅದು ಅಚ್ಚ ಕನ್ನಡವಾಗಿ ಕೇಳಿಸಿತು. ಕಾಫಿ ಲೋಟ ಕೆಳಗಿಟ್ಟು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗುಡುಗಿದರು: “ಲೋ, ಯಾಕೋ ಬಿಟ್ಟೆ? ಬಿಟ್ಟಿದ್ದೂ ಅಲ್ದೆ ಊರಿಗೆಲ್ಲಾ ಸಾರ್ತಾ ಇದೀಯಲ್ಲೋ!”

“ರೀ, ಆ ಹುಡುಗ ಪ್ಲೀಸ್ ಅಂತಾ ಇದಾನೆ ಕಣ್ರೀ,” ಎಂದು ಅಮ್ಮ ಸೌಟು ಹಿಡಿದೇ ನಗುತ್ತಿದ್ದರು. ಅಪ್ಪ ಆಗಲೇ ಪಂಚೆ ಎತ್ತಿಕಟ್ಟಿ ಮೈದಾನಕ್ಕಿಳಿದು, ಚೆಂಡು ಬಿಡದಿರುವುದು ಹೇಗೆಂದು ತೋರಿಸುತ್ತಿದ್ದರು. ಹುಡುಗರಿಗೆ ಕೋಚ್ ಇರಲಿಲ್ಲ. ಮರುದಿನ ಅವರೇ ಬಂದು ಕಿಟಕಿ ತಟ್ಟಿದರು. ನೇಮಕವಿಲ್ಲ, ಸಂಬಳವಿಲ್ಲ, ಬೈದೇ ಕೋಚ್ ಆದವರು ನಮ್ಮಪ್ಪ. ಚೆಂಡು ಬಿಟ್ಟವರಿಗೆಲ್ಲ ಅದೇ ಬೈಗುಳ, “ಯಾಕೋ ಬಿಟ್ಟೆ?”

ಮಂಡಿನೋವು ಬಂದು ಅಪ್ಪ ಕಿಟಕಿಗೆ ಮರಳಿದ ಮೇಲೆ, ಅವರ ಕೈಕೆಳಗೆ ಆಡಿದ ಹೋಲ್ಗರ್ ಕೋಚ್ ಆದ. ನಮ್ಮನೆಯ ನಿಂಬೆ ಉಪ್ಪಿನಕಾಯಿಯನ್ನು ಬ್ರೆಡ್ಡಿಗೆ ಬಳಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೂ ಹಾಕಿ ಎನ್ನುವ ಆಸಾಮಿ. ಅವನ ನಂತರ ಬಂದ ಆಂಟನ್ ಮಾತೇ ಆಡದವನು. “ಹೊಟ್ಟೆ ತಣ್ಣಗಾದ್ರೆ ಬಾಯಿ ಬಿಡ್ತಾನೆ” ಎಂದು ಅಮ್ಮ ಅವನಿಗೆ ಮೊಸರನ್ನ ಕಲಸಿ ಕೊಡುತ್ತಿದ್ದರು. ಅವನು ಬಾಯಿ ಬಿಟ್ಟು ಕೂಗುತ್ತಿದ್ದುದು ಒಂದನ್ನೇ, “ಯಾಕೋ, ಬಿಟ್ಟೆ!” ಯಾಕೊಬ್ ಎಂಬ ಹೆಸರಿನವರನ್ನು ಇಲ್ಲಿ ಮುದ್ದಾಗಿ ಯಾಕೋ ಎನ್ನುವುದುಂಟು. ಹಾಗಾಗಿ ಹಿಂದೆ ಯಾಕೋ ಎಂಬ ದೊಡ್ಡ ಆಟಗಾರನಿದ್ದ, ಅಪ್ಪ ಅವನನ್ನೇ ಕರೆಯುತ್ತಿದ್ದರು ಎಂದು ಎಲ್ಲರೂ ನಂಬಿದ್ದರು. ಕೇಳಿದರೆ ಅಪ್ಪ ಗಂಭೀರವಾಗಿ, “ಅವನ ಎಡಗಾಲು ನೋಡಬೇಕಿತ್ತು” ಎನ್ನುತ್ತಿದ್ದರು. ನನಗೋ ಈ ಆಟದಿಂದ ಒಳ್ಳೆಯ ವರಮಾನವಿತ್ತು. ಬೇಲಿ ಹಾರಿ ಅಮ್ಮನ ಕೊತ್ತಂಬರಿ ಪಾತಿಗೆ ಬಿದ್ದ ಚೆಂಡನ್ನು ಚಾಕಲೇಟ್ ಕೈಗೆ ಬರದೆ ನಾನು ಕೊಡುತ್ತಿರಲಿಲ್ಲ. ಅಪ್ಪನಿಗೂ ರಿಯಾಯಿತಿ ಇರಲಿಲ್ಲ.

ಶನಿವಾರ ಸೈಕಲ್ ಒರಗಿಸಿ ಬೇಲಿಯ ಹತ್ತಿರ ನಿಂತೆ. ಈಗಿನ ಕೋಚ್ ಲೇನಾ, ಗಟ್ಟಿ ದನಿಯ ಹುಡುಗಿ, ಓಡಿ ಬಂದಳು. “ಇಲ್ಲಿದ್ದ ಆ ಮನೆಯಲ್ಲಿ ಬೆಳೆದವರು ನೀವೇ ತಾನೇ? ಯಾಕೋನ ಫೋಟೋ ಇದೆಯಾ? ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ಹೋಲ್ಗರ್‌ನಿಂದ ಹಿಡಿದು ಕೋಚ್‌ಗಳೆಲ್ಲ ಇದ್ದಾರೆ. ಅವರಿಗಿಂತ ಮುಂಚಿನ ಜಾಗ ಯಾಕೋನಿಗೆಂದು ಬಿಟ್ಟಿದ್ದೇವೆ.” ಅಪ್ಪನ ಜಾಗ ಅದು. ಇಲ್ಲದವನೊಬ್ಬನಿಗೆ ಹೋಗುವುದರಲ್ಲಿತ್ತು. ನಡೆದದ್ದನ್ನೆಲ್ಲ ಹೇಳಿ, ಪರ್ಸಿನಲ್ಲಿದ್ದ ಫೋಟೋ ತೆಗೆದು ತೋರಿಸಿದೆ: ಪಂಚೆ ಎತ್ತಿಕಟ್ಟಿದ ಅಪ್ಪ, ಕಾಲಡಿಯಲ್ಲಿ ಚೆಂಡು. ಲೇನಾ ನಗುತ್ತ ನಗುತ್ತ ಹುಲ್ಲಿನ ಮೇಲೇ ಕುಳಿತುಬಿಟ್ಟಳು.

“ಹಾಗಾದರೆ ಯಾಕೋ ಇವರೇ! ಫೋಟೋ ಹಾಕುತ್ತೇವೆ. ಆದರೆ ಕೆಳಗೆ ಯಾಕೋ ಎಂದೇ ಬರೆಯುತ್ತೇವೆ. ಹುಡುಗರು ಅವನನ್ನು ಬಿಟ್ಟುಕೊಡುವುದಿಲ್ಲ.”

“ಅವರ ಹೆಸರು ರಾಮಚಂದ್ರ,” ಎಂದೆ. “ಹೆಸರಿಲ್ಲದಿದ್ದರೆ ಫೋಟೋ ಇಲ್ಲ.” ಫೋಟೋ ಪರ್ಸಿಗೆ ಹಾಕಿ ಸೈಕಲ್ಲಿನ ಹ್ಯಾಂಡಲ್ ಹಿಡಿದೆ. ಚೌಕಾಸಿಯಲ್ಲಿ ಎದ್ದು ಹೊರಡುವವರಿಗೇ ಬೆಲೆ ಇಳಿಯುವುದು, ನೀವೂ ಕಲಿತಿಟ್ಟುಕೊಳ್ಳಿ.

ಅಷ್ಟರಲ್ಲಿ ಚೆಂಡೊಂದು ಬೇಲಿ ಹಾರಿ ನನ್ನ ಕಾಲ ಬಳಿ ಬಿತ್ತು, ಹೆಚ್ಚುಕಡಿಮೆ ಕೊತ್ತಂಬರಿ ಪಾತಿ ಇದ್ದಲ್ಲೇ. ಹಿಂದೆಯೇ ಓಡಿ ಬಂದ ಹುಡುಗನೊಬ್ಬ, ಪರ್ಸಿಗೆ ತೂಗುಹಾಕಿದ್ದ ಬೀಗದಕೈ ಗೊಂಚಲಿನ ಕನ್ನಡ ಅಕ್ಷರ ನೋಡಿ ಕಣ್ಣರಳಿಸಿದ.

“ಆಂಟಿ, ಕನ್ನಡದವ್ರಾ? ನಾನು ಅಭಿ, ಬೆಂಗ್ಳೂರು. ಈ ಟೀಮ್ ಕಥೆ ಕೇಳಿ ಆಂಟಿ. ಮೊದಲ್ನೇ ದಿನ ಗೋಲ್ ಮಿಸ್ ಮಾಡ್ದೆ, ಎಲ್ಲಾ ಸೇರಿ ‘ಯಾಕೋ ಬಿಟ್ಟೆ’ ಅಂತ ಬೈದ್ರು. ಅಯ್ಯೋ ಗುರು, ಇಲ್ಲಿಗೂ ಬಂದ್ರಾ ನಮ್ಮಪ್ಪ ಅಂತ ಹಿಂದೆ ತಿರುಗಿ ನೋಡ್ಬಿಟ್ಟೆ!”

ನಾನು ಜೋರಾಗಿ ನಕ್ಕೆ. ಚಾಕಲೇಟ್ ಕೇಳದೆ ಚೆಂಡನ್ನು ಅವನತ್ತ ಒದ್ದೆ. ಪರ್ಸು ತೆರೆದು ಫೋಟೋ ತೆಗೆದು ಲೇನಾಳ ಕೈಯಲ್ಲಿಟ್ಟೆ.

“ಹೆಸರು?” ಎಂದಳು.

“ಯಾಕೋ.”

“ಡಾಂಕೆ,” ಎಂದಳು ಲೇನಾ. ಥ್ಯಾಂಕ್ಸ್ ಅಂತ.

“ಬಿಟ್ಟೆ,” ಎಂದೆ.

ಅಭಿಯೊಬ್ಬನೇ ತಿರುಗಿ ನೋಡಿದ.