ಅತ್ತೆಯ ತೋಳಿಗೆ ಮೂರು ಸೂಜಿ

ಹತ್ತಿಯಲ್ಲಿ ಅದ್ದಿದ ಸ್ಪಿರಿಟ್ಟಿನ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಡಿದರೆ ನಗು ಬರುತ್ತದೆ. ಇವತ್ತು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ತೋಳು ಒಡ್ಡಿ ಕೂತಾಗಲೂ ಬಂತು. ನರ್ಸು ಪಾಪ, ಈ ಹೆಂಗಸಿಗೆ ಕಚಗುಳಿ ಜಾಸ್ತಿ ಅಂದುಕೊಂಡಿರಬೇಕು.

ನನ್ನ ಗಂಡನ ಕಾಲಿಗೆ ಮೊಳೆ ಚುಚ್ಚಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಾವು ಈ ಪರದೇಶದ ಸ್ಟೌಫ್‌ವಿಲ್ ಎಂಬ ಊರಿನಲ್ಲಿ ಹೊಸ ಮನೆ ಕೊಂಡ ಬೇಸಿಗೆಯಲ್ಲಿ. ಆಗ ಆ ಬೀದಿಯಲ್ಲಿ ಹುಲ್ಲಿಗಿಂತ ಮಣ್ಣೇ ಹೆಚ್ಚು. ಹಿತ್ತಲಿನ ಡೆಕ್ಕನ್ನು, ಅಂದರೆ ಹಲಗೆಯ ಜಗಲಿಯನ್ನು, ತಾನೇ ಕಟ್ಟುತ್ತೇನೆಂದು ಹೊರಟ ಈ ಉಡುಪಿಯ ಇಂಜಿನಿಯರು ರಬ್ಬರ್ ಚಪ್ಪಲಿಯಲ್ಲೇ ಹಲಗೆಗಳ ನಡುವೆ ಓಡಾಡಿದರು. ತುಕ್ಕು ಹಿಡಿದ ಮೊಳೆ ಚಪ್ಪಲಿ ದಾಟಿ ಪಾದ ಸೇರಿತು.

"ಡಾಕ್ಟರ ಹತ್ರ ಹೋಗೋಣ ರೀ," ಎಂದೆ.

"ಎಂತಕ್ಕೆ? ಶಾಲೆಯಲ್ಲಿರುವಾಗ ಟಿಟಿ ಹಾಕಿಸಿಕೊಂಡಿದ್ದೇನೆ. ಅದು ಲೈಫ್‌ಟೈಮ್ ಗ್ಯಾರಂಟಿ."

ನಮ್ಮ ಫ್ರಿಜ್ಜಿಗೂ ಇಲ್ಲದ ಗ್ಯಾರಂಟಿ ಇವರ ರಕ್ತಕ್ಕಿತ್ತು. ನಿಜ ಏನೆಂದರೆ, ಸೂಜಿಯೆಂದರೆ ಇವರಿಗೆ ಜೀವಭಯ. ನಮ್ಮ ಜೊತೆಗೇ ಇದ್ದ ಅತ್ತೆ ಮಗನನ್ನು ಗದರಿ ಕಾರು ಹತ್ತಿಸಿದರು, ತಾವೂ ಹತ್ತಿದರು.

ಡಾಕ್ಟರು ಗಾಯ ತೊಳೆಯುತ್ತ, ಈ ಮದ್ದಿನ ರಕ್ಷಣೆ ವರ್ಷ ಕಳೆದಂತೆ ಸವೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು, ಟೆಟನಸ್ಸಿಗೂ ಡಿಫ್ತೀರಿಯಾಕ್ಕೂ ಸೇರಿ ಒಂದೇ ಸೂಜಿ ಎಂದರು. ಇವರು ಗೋಡೆ ನೋಡುತ್ತ ಬೆವರುತ್ತಿದ್ದರು.

"ಡಿಫ್ತೀರಿಯಾ ಅಂದ್ರೆ ಎಂತ?" ಅತ್ತೆ ನನ್ನನ್ನು ಕೇಳಿದರು.

"ಗಂಟಲುಮಾರಿ, ಅತ್ತೆ."

ಅತ್ತೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನನ್ನ ತಮ್ಮ ಹೋದದ್ದು ಅದರಲ್ಲೇ. ನೀರು ನುಂಗಲಿಕ್ಕೂ ಆಗ್ತಿರ್ಲಿಲ್ಲ ಮಗುವಿಗೆ. ನನ್ನನ್ನು ಒಳಗೆ ಬಿಡ್ಲಿಲ್ಲ. ಹೊರಗೆ ಕೂತು ಅವನು ಉಸಿರೆಳೆಯುವ ಶಬ್ದ ಕೇಳ್ತಾ ಇದ್ದೆ."

ಅವರಿಗೊಬ್ಬ ತಮ್ಮನಿದ್ದನೆಂದು ನನಗೆ ಗೊತ್ತಿರಲಿಲ್ಲ. ಇವರ ಮುಖ ನೋಡಿದರೆ, ಮಗನಿಗೂ ಗೊತ್ತಿರಲಿಲ್ಲ.

ಅತ್ತೆ ರವಿಕೆಯ ತೋಳು ಮೇಲಕ್ಕೆ ಸರಿಸಿದರು. "ನನಗೂ ಹಾಕ್ಲಿಕ್ಕೆ ಹೇಳು."

ಹಿಂದೆಂದೂ ಹಾಕಿಸಿಕೊಳ್ಳದವರಿಗೆ ಒಂದು ಸಾಲದು, ತಿಂಗಳುಗಳ ಅಂತರದಲ್ಲಿ ಮೂರು ಬೇಕು ಎಂದರು ಡಾಕ್ಟರು.

"ಮೂರಾದ್ರೆ ಮೂರು. ಮೊದಲು ಇವನದ್ದು ಮುಗಿಸ್ಲಿ, ಇಲ್ಲದಿದ್ರೆ ಓಡಿಹೋಗ್ತಾನೆ."

ಇವರು ಓಡಲಿಲ್ಲ. ಸೂಜಿ ಹೊರಬಂದ ಮೇಲೆ, ಇನ್ನೇನು ಮುಗಿಯಿತು ಎನ್ನುವಾಗ, ಸದ್ದಿಲ್ಲದೆ ಮೂರ್ಛೆ ಹೋದರು. ಡಾಕ್ಟರು ಮಗನ ಕಾಲು ಎತ್ತಿ ಹಿಡಿದಿದ್ದರೆ, ಪಕ್ಕದ ಕುರ್ಚಿಯಲ್ಲಿ ಅತ್ತೆ ಬಳೆ ಪಕ್ಕಕ್ಕೆ ಸರಿಸಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಮನೆಗೆ ಕಾರು ಓಡಿಸಿದವಳು ನಾನು. ಹಿಂದಿನ ಸೀಟಿನಲ್ಲಿ ಅತ್ತೆ ವಾಸು ಎಂಬ ಆ ತಮ್ಮ ಬೆಲ್ಲ ಕದ್ದು ತಿನ್ನುತ್ತಿದ್ದ ಕತೆ ಹೇಳುತ್ತಲೇ ಇದ್ದರು. ಇವರು ಅಮ್ಮನ ಭುಜಕ್ಕೊರಗಿ ಕೇಳುತ್ತಿದ್ದರು. ಮನೆ ಬಂದರೂ ಇಬ್ಬರೂ ಇಳಿಯಲಿಲ್ಲ. ನಾನೂ ಎಂಜಿನ್ ಆರಿಸಿ ಅಲ್ಲೇ ಕೂತೆ.

ಇತ್ತೀಚೆಗೆ ಮೊಣಕಾಲು ನೋವಿನಿಂದ ಹಿಡಿದು ಕನ್ನಡಕ ಹುಡುಕುವವರೆಗೆ ಎಲ್ಲದಕ್ಕೂ "ವಯಸ್ಸಾಯ್ತಲ್ಲ" ಎನ್ನುವುದು ನನಗೊಂದು ಚಟವಾಗಿತ್ತು. ಇವತ್ತು ಆ ಎಳೆಯ ನರ್ಸು ನನ್ನ ಬೂಸ್ಟರ್ ಹಾಕಿ, ಬ್ಯಾಂಡೇಜು ಅಂಟಿಸಿ, "ಮತ್ತೆ ಹತ್ತು ವರ್ಷಕ್ಕೆ ಬನ್ನಿ," ಎಂದಳು, ಮುಂದಿನ ವಾರ ಬನ್ನಿ ಎಂದಷ್ಟೇ ಸಲೀಸಾಗಿ.

ಬರುತ್ತೇನೆ ಎಂದೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ನಿಜಕ್ಕೂ ಬರುವ ಯೋಚನೆಯಲ್ಲೇ ಇದ್ದೆ.